ದೇವರ ಚಿತ್ತಕ್ಕೆ ಕಾಯೋದು ಎಲ್ಲಿವರೆಗೆ, ನಾವು ಕೈ ಹಾಕೋದು ಎಲ್ಲಿಂದ?

ಚಿನ್ನದೂರಿನವಳು

ಎಲ್ಲರಿಗೂ ವಂದನೆಗಳು. ನಮ್ಮ ಮನೆಯಲ್ಲಿ ಒಂದು ವಿಷಯಕ್ಕೆ ದಿನಾ ಜಟಾಪಟಿ. ಹೊರಗಿನವರ ಅಭಿಪ್ರಾಯ ಬೇಕು ಅನಿಸಿತು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತಂಗಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ್ದಾಳೆ. ಹೊರದೇಶಕ್ಕೆ ಹೋಗಬೇಕು ಅನ್ನೋದು ಅವಳ ಹಳೆಯ ಆಸೆ. ಒಂದು ಉಪವಾಸ ಪ್ರಾರ್ಥನೆಯಲ್ಲಿ ಬೇರೆ ಊರಿನಿಂದ ಬಂದಿದ್ದ ಸೇವಕರು (ಬೋಧಕರು) ಅವಳ ತಲೆ ಮೇಲೆ ಕೈಯಿಟ್ಟು, "ದೇವರು ನಿನ್ನನ್ನು ಸಮುದ್ರ ದಾಟಿಸುತ್ತಾನೆ" ಅಂದರು. ಅಮ್ಮ ಆ ಮಾತನ್ನು ಬೈಬಲಿನ ಮೊದಲ ಪುಟದಲ್ಲಿ ತಾರೀಖು ಹಾಕಿ ಬರೆದಿಟ್ಟಿದ್ದಾರೆ.

ಈಗ ಒಬ್ಬ ಏಜೆಂಟ್ ಸಿಕ್ಕಿದ್ದಾನೆ. ಗಲ್ಫ್‌ನಲ್ಲಿ ಕೆಲಸ ಇದೆಯಂತೆ. ಎರಡು ವರ್ಷದ ಅನುಭವ ಕೇಳುತ್ತಾರೆ. ತಂಗಿ ಕೆಲಸ ಮಾಡಿರೋದು ಕೆಲವೇ ತಿಂಗಳು. "ಸರ್ಟಿಫಿಕೇಟ್ ಚಿಂತೆ ಬೇಡ, ಅದನ್ನೂ ನಾವೇ ಮಾಡಿಸಿಕೊಡ್ತೀವಿ, ಎಲ್ಲರೂ ಹಾಗೇ ಹೋಗೋದು" ಅಂತಾನೆ.

ಅಮ್ಮ ಹೇಳೋದು, ದೇವರೇ ಬಾಗಿಲು ತೆರೆದಿದ್ದಾನೆ, ಸ್ವಲ್ಪ ಬಗ್ಗಿ ಒಳಗೆ ಹೋದರೆ ಏನು ತಪ್ಪು? ಅಪ್ಪ ಪೂರ್ತಿ ಉಲ್ಟಾ. ದೇವರು ಕೊಡೋದಾದರೆ ತಾನಾಗೇ ಕೊಡುತ್ತಾನೆ, ಎಲ್ಲೂ ಅರ್ಜಿ ಹಾಕೋದೂ ಬೇಡ, ಮನೆಯಲ್ಲಿ ಕೂತು ಪ್ರಾರ್ಥನೆ ಮಾಡಲಿ ಅಂತಾರೆ. ಇಬ್ಬರೂ ಬೈಬಲಿನ ವಚನ ತೋರಿಸುತ್ತಾರೆ. ತಂಗಿ ಮಧ್ಯೆ ಸಿಕ್ಕಿಕೊಂಡು ಊಟ ಸೇರದೆ ಕೂತಿದ್ದಾಳೆ.

ನಮ್ಮ ಸಭೆಯ ಮಹಿಳಾ ಕೂಟದಲ್ಲಿ ಈ ವಾರ ಬೈಬಲಿನ ಆದಿಕಾಂಡ 16ನೇ ಅಧ್ಯಾಯ ಓದಿದೆವು. ಮಕ್ಕಳಿಲ್ಲದ ಸಾರಳು ತನ್ನ ದಾಸಿ ಹಾಗರಳನ್ನು ಗಂಡ ಅಬ್ರಹಾಮನಿಗೆ ಕೊಟ್ಟ ಕಥೆ. ಅವಸರ ಪಟ್ಟಳು, ತಪ್ಪು ಮಾಡಿದಳು ಅಂತ ಎಲ್ಲರೂ ಹೇಳಿ ಮುಗಿಸಿದರು. ನನಗೆ ಮಾತ್ರ ತಲೆ ಕೊರೆಯುತ್ತಿದೆ. ದೇವರ ಮೇಲೆ ಭಾರ ಹಾಕೋದು ಅಂದರೆ ಸುಮ್ನೆ ಕೂರೋದಾ?

ಸ್ತೋತ್ರ ಬ್ರದರ್

ಸಿಸ್ಟರ್, ನಿಮ್ಮ ಅಪ್ಪ ಹೇಳಿದ್ದೇ ಸರಿ. ಸ್ವಬುದ್ಧಿಯನ್ನು ಆಧಾರ ಮಾಡಿಕೊಳ್ಳಬೇಡ ಅಂತ ಜ್ಞಾನೋಕ್ತಿ 3:5 ಸ್ಪಷ್ಟವಾಗಿ ಹೇಳುತ್ತದೆ. ಕೆಂಪು ಸಮುದ್ರದ ಮುಂದೆ ಮೋಶೆ ಏನು ಹೇಳಿದ? ಕರ್ತನೇ ನಿಮಗಾಗಿ ಯುದ್ಧ ಮಾಡುತ್ತಾನೆ, ನೀವು ಸುಮ್ಮನಿರಿ. ಜಾರ್ಜ್ ಮುಲ್ಲರ್ ಅವರನ್ನು ನೋಡಿ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸಾವಿರಾರು ಅನಾಥ ಮಕ್ಕಳನ್ನು ಸಾಕಿದರು, ಯಾರ ಮುಂದೆಯೂ ಕೈ ಚಾಚಲಿಲ್ಲ. ಬರೀ ಮೊಣಕಾಲೂರಿದರು. ನಾವು ಕೈ ತೆಗೆದಾಗಲೇ ದೇವರ ಕೈ ಕೆಲಸ ಮಾಡೋದು. ಆಮೆನ್.

ಗದಗ ಮೇಷ್ಟ್ರು

ಬ್ರದರ್, ಅದರ ಮುಂದಿನ ವಚನವನ್ನೂ ಓದಿ. ವಿಮೋಚನಕಾಂಡ 14:14ರಲ್ಲಿ ಮೋಶೆ "ಸುಮ್ಮನಿರಿ" ಅಂದ. 14:15ರಲ್ಲಿ ದೇವರು ಮೋಶೆಗೆ ಏನು ಕೇಳಿದ? ನನಗೆ ಯಾಕೆ ಮೊರೆಯಿಡುತ್ತೀ, ಜನರಿಗೆ ಮುಂದಕ್ಕೆ ಹೊರಡಲು ಹೇಳು! ನೀರಿಗೆ ಇಳಿದವರು ಅವರೇ.

ಮುಲ್ಲರ್ ವಿಷಯವೂ ಅರ್ಧ ಹೇಳಿದಿರಿ. ದುಡ್ಡು ಕೊಡಿ ಅಂತ ಯಾರನ್ನೂ ಕೇಳಲಿಲ್ಲ, ನಿಜ. ಆದರೆ ಲೆಕ್ಕಪತ್ರ ಬಲು ಬಿಗಿ. ಬಂದದ್ದು ಎಷ್ಟು, ಹೋದದ್ದು ಎಷ್ಟು ಅಂತ ವರದಿ ಅಚ್ಚು ಹಾಕಿಸುತ್ತಿದ್ದರು. ಸಾಲ ಮಾಡುತ್ತಿರಲಿಲ್ಲ. ಮಕ್ಕಳಿಗೆ ಓದು, ಕಸುಬು ಕಲಿಸಿಯೇ ಹೊರಗೆ ಕಳಿಸುತ್ತಿದ್ದರು. ಮೊಣಕಾಲೂರಿ ಎದ್ದ ಮೇಲೆ ಅವರು ಮೇಜಿನ ಮುಂದೆ ಕೂತು ಕೆಲಸ ಮಾಡುತ್ತಿದ್ದರು.

ಸಾರಳ ವಿಷಯ ರಾತ್ರಿ ಬರೆಯುತ್ತೇನೆ. ಈಗ ಮೊಮ್ಮಗಳ ಹೋಂವರ್ಕ್ ಇದೆ.

ಮಂಗಳೂರು ಮಲ್ಲಿಗೆ

ನಮ್ಮಲ್ಲಿ ಇನ್ನೊಂದು ತರ. ಒಂಬತ್ತು ದಿನ ನೊವೆನಾ ಪ್ರಾರ್ಥನೆ ಮಾಡುತ್ತೇವೆ, ಹತ್ತನೇ ದಿನ ರಿಸಲ್ಟ್ ಬರಲಿಲ್ಲ ಅಂದರೆ ಸಂತರ ಮೇಲೇ ಮುನಿಸು. ಪ್ರಾರ್ಥನೆಯೂ ಹಿಡಿತ ಸಾಧಿಸುವ ದಾರಿ ಆಗಬಹುದು ಅಲ್ವಾ? ಮೊಂಬತ್ತಿ ಹಚ್ಚಿದ್ದೇನೆ, ಇನ್ನು ನೀನು ಮಾಡಿಕೊಡಲೇಬೇಕು ಅನ್ನೋ ಧಾಟಿ.

ಯೇಸುವಿನ ತಾಯಿ ಮರಿಯಮ್ಮನವರನ್ನೇ ನೋಡಿ. "ನಿನ್ನ ಮಾತಿನಂತೆ ನನಗಾಗಲಿ" ಅಂದರು. ಅಷ್ಟು ಹೇಳಿ ಮನೆಯಲ್ಲಿ ಕೂರಲಿಲ್ಲ. ಲೂಕ 1:39 ಓದಿ, ಅವಸರದಿಂದಲೇ ಎದ್ದು ಬೆಟ್ಟದ ಸೀಮೆಗೆ, ಎಲಿಜಬೆತಮ್ಮನ ಮನೆಗೆ ಹೊರಟರು. ವಯಸ್ಸಾದ ಬಸುರಿ ಮನೆಯಲ್ಲಿ ಸುಮಾರು ಮೂರು ತಿಂಗಳು ಇದ್ದರು. ಅವಸರ ಅನ್ನೋದೇ ಪಾಪ ಅಲ್ಲ.

ಗದಗ ಮೇಷ್ಟ್ರು

ಹಾಂ, ಈಗ ಸಾರಳ ಮಾತಿಗೆ ಬರೋಣ. ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಲೆಕ್ಕ. ಅಬ್ರಹಾಮ ಹಾರಾನ್ ಬಿಟ್ಟಾಗ ಅವನಿಗೆ 75 ವರ್ಷ. ಹಾಗರಳ ಮಗ ಇಷ್ಮಾಯೇಲ ಹುಟ್ಟಿದಾಗ 86. ಸಾರಳ ಮಗ ಇಸಾಕ ಹುಟ್ಟಿದಾಗ 100. ಅಂದರೆ ಸಾರಳು ಹಾಗರಳನ್ನು ಕೊಟ್ಟಿದ್ದು ಕಾನಾನಿಗೆ ಬಂದು ಹತ್ತು ವರ್ಷ ಕಾದ ಮೇಲೆ. ಹತ್ತು ವರ್ಷ! ನಾವು ಹತ್ತು ತಿಂಗಳಿಗೇ ಪಾಸ್ಟರ್ ಬದಲಾಯಿಸುತ್ತೇವೆ. ಅವಳನ್ನು "ತಾಳ್ಮೆ ಇಲ್ಲದವಳು" ಅಂತ ಸುಲಭವಾಗಿ ಬೈಯಬೇಡಿ.

ಎರಡನೇದು. ಅಷ್ಟು ಹೊತ್ತಿಗೆ ದೇವರು ಹೇಳಿದ್ದು ಏನು? ಅಬ್ರಹಾಮನಿಂದಲೇ ಹುಟ್ಟುವವನು ಬಾಧ್ಯನಾಗುತ್ತಾನೆ ಅಂತ, 15ನೇ ಅಧ್ಯಾಯದಲ್ಲಿ. ತಾಯಿ ಸಾರಳೇ ಅಂತ ಹೇಳಿದ್ದು 17ರಲ್ಲಿ, ಇಷ್ಮಾಯೇಲ ಹುಟ್ಟಿ ಎಷ್ಟೋ ವರ್ಷ ಆದ ಮೇಲೆ. ಹಾಗಾಗಿ ಅವಳ ಯೋಚನೆಯಲ್ಲಿ ತರ್ಕ ಇತ್ತು. ವಾಗ್ದಾನ ಗಂಡನಿಗೆ, ಅಡ್ಡಿ ನಾನು, ನಾನೇ ದಾರಿ ಮಾಡಿಕೊಡುತ್ತೇನೆ.

ಮೂರನೇದು, ಇದೇ ಮುಖ್ಯ. ಅವಳು ಮಾಡಿದ್ದು ಆ ಕಾಲದ ರೂಢಿ. ಇರಾಕಿನ ನೂಜಿ ಅನ್ನೋ ಜಾಗದಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲಿ ಹಳೆಯ ಮದುವೆ ಕರಾರುಗಳಿವೆ. ಹೆಂಡತಿಗೆ ಮಕ್ಕಳಾಗದಿದ್ದರೆ ಗಂಡನಿಗೆ ಒಬ್ಬ ದಾಸಿಯನ್ನು ತಂದುಕೊಡಬೇಕು ಅಂತ ಅಂಥ ಒಂದು ಕರಾರಿನಲ್ಲಿದೆ. ಹಮ್ಮುರಾಬಿಯ ಕಾನೂನಿನಲ್ಲೂ ಇಂಥದ್ದೇ ಮಾತಿದೆ. ಯಾರೂ ಬೆರಳು ತೋರಿಸದ ವ್ಯವಹಾರ. ನಿಮ್ಮ ಏಜೆಂಟ್ ಹೇಳಿದ "ಎಲ್ಲರೂ ಹಾಗೇ ಹೋಗೋದು" ಅನ್ನೋ ಮಾತು ಇದೆಯಲ್ಲ, ಅದೇ ಮಾತು ಸಾರಳ ಕಿವಿಯಲ್ಲೂ ಬಿದ್ದಿರಬೇಕು.

ಹಾಗಾದರೆ ತಪ್ಪೆಲ್ಲಿ? ಅಧ್ಯಾಯವನ್ನು ಮತ್ತೆ ಓದಿ, ಒಂದು ವಿಷಯ ಗಮನಿಸಿ. ಸಾರಳು ಆ ಹೆಂಗಸನ್ನು ಕರೆಯೋದು "ನನ್ನ ದಾಸಿ" ಅಂತ. ಅಬ್ರಹಾಮ ಕರೆಯೋದು "ನಿನ್ನ ದಾಸಿ" ಅಂತ. ಇಬ್ಬರ ಬಾಯಲ್ಲೂ ಅವಳ ಹೆಸರು ಬರೋದೇ ಇಲ್ಲ. ಮೊದಲ ಸಲ "ಹಾಗರಳೇ" ಅಂತ ಕರೆದವನು ಅಡವಿಯಲ್ಲಿ ಸಿಕ್ಕ ದೇವದೂತ. ಅವಳನ್ನು ಒಂದು ಮಾತು ಯಾರೂ ಕೇಳಲಿಲ್ಲ. ವಾಗ್ದಾನ ಇವರದು, ಅವಸರ ಇವರದು, ಹೊಟ್ಟೆಯಲ್ಲಿ ಹೊತ್ತವಳು ಅವಳು, ಸಾರಳ ಕಾಟಕ್ಕೆ ಓಡಿಹೋಗಬೇಕಾದವಳೂ ಅವಳೇ.

ದೇವರ ಯೋಜನೆಗೆ ನಾವು ಅಡ್ಡದಾರಿ ಹಾಕಿಕೊಟ್ಟಾಗ ಅದರ ಖರ್ಚಿನ ಬಿಲ್ಲು ಬೇರೆಯವರ ಮನೆಗೆ ಹೋಗುತ್ತದೆ. ಇಸಾಕನ ಹೆಂಡತಿ ರೆಬೆಕ್ಕಳು, ಹಿರಿಮಗ ಏಸಾವನ ಆಶೀರ್ವಾದ ಕಿರಿಮಗ ಯಾಕೋಬನಿಗೆ ಸಿಗಲಿ ಅಂತ, ಅವನ ಕೈಗೆ ಮೇಕೆ ಚರ್ಮ ಸುತ್ತಿ ಕುರುಡು ಗಂಡನ ಮುಂದೆ ಕಳಿಸಿದಳು. ಏಸಾವ ಬಿಕ್ಕಿ ಬಿಕ್ಕಿ ಅತ್ತ. ಯಾಕೋಬ ಊರು ಬಿಟ್ಟು ಸೋದರಮಾವ ಲಾಬಾನನ ಮನೆಯಲ್ಲಿ 20 ವರ್ಷ ದುಡಿದ.

ಈಗ ನಿಮ್ಮ ತಂಗಿಯ ವಿಷಯ. ಸುಳ್ಳು ಸರ್ಟಿಫಿಕೇಟಿನ ಬಿಲ್ಲು ಯಾರಿಗೆ? ಎರಡು ವರ್ಷ ಐಸಿಯು ನೋಡಿದ್ದಾಳೆ ಅಂತ ನಂಬಿ ರಾತ್ರಿ ಪಾಳಿಗೆ ಅವಳೊಬ್ಬಳನ್ನೇ ಬಿಟ್ಟರೆ, ಆ ಹಾಸಿಗೆ ಮೇಲೆ ಮಲಗಿರುವ ರೋಗಿಗೆ. ಅಮ್ಮನವರಿಗೆ ಇದನ್ನೇ ಕೇಳಿ. ಆ ಹಾಸಿಗೆ ಮೇಲೆ ನೀವೇ ಇದ್ದರೆ?

ಸುಮ್ನೆ ಓದುವವ

ಮೇಷ್ಟ್ರೇ, ಒಂದು ಅನುಮಾನ. ದೊಡ್ಡವನು ಚಿಕ್ಕವನಿಗೆ ಸೇವೆ ಮಾಡುತ್ತಾನೆ ಅಂತ ದೇವರೇ ರೆಬೆಕ್ಕಳಿಗೆ ಹೇಳಿದ್ದನಲ್ಲ. ಆಶೀರ್ವಾದ ಯಾಕೋಬನಿಗೇ ಸಿಕ್ಕಿತು. ಅಂದರೆ ಮೋಸವೂ ದೇವರ ಯೋಜನೆಯಲ್ಲೇ ಇತ್ತು ಅಂತಾಯಿತಲ್ಲ?

ಗದಗ ಮೇಷ್ಟ್ರು

ಒಳ್ಳೇ ಪ್ರಶ್ನೆ, ನನಗೂ ಪೂರ್ತಿ ಸಮಾಧಾನ ಇಲ್ಲ. ಯೋಸೇಫ ಅಣ್ಣಂದಿರಿಗೆ ಹೇಳಿದ ಮಾತು ನೆನಪಿಸಿಕೊಳ್ಳಿ: ನೀವು ಕೇಡು ಬಯಸಿದಿರಿ, ದೇವರು ಅದನ್ನು ಮೇಲಾಗುವಂತೆ ಮಾಡಿದ. ಮೇಲಾಯಿತು ಅಂತ ಅವರು ತಮ್ಮನನ್ನು ಮಾರಿದ್ದು ಸರಿ ಅಂತ ಆಗಲಿಲ್ಲ. ಅಷ್ಟರ ಮೇಲೆ ಏನಾದರೂ ಹೇಳಿದರೆ ನಾನು ದೇವರ ವಕೀಲ ಆಗುತ್ತೇನೆ.

ಕುವೈತ್‌ನಲ್ಲೊಬ್ಬ

ನಾನೂ ನರ್ಸ್, ಊರು ಶಿವಮೊಗ್ಗ ಕಡೆ. ವೇದಾಂತ ಆಮೇಲೆ, ಮೊದಲು ನೆಲದ ಮಾತು.

ಅಕ್ಕಾ, ಗಲ್ಫ್‌ಗೆ ಬರುವ ನರ್ಸ್‌ಗಳಿಗೆ ಡೇಟಾಫ್ಲೋ ಅಂತ ಒಂದು ಪರಿಶೀಲನೆ ಇರುತ್ತದೆ. ಸರ್ಟಿಫಿಕೇಟ್ ಕೊಟ್ಟ ಆಸ್ಪತ್ರೆಯನ್ನೇ ನೇರವಾಗಿ ಕೇಳುತ್ತಾರೆ, ಈ ಹುಡುಗಿ ನಿಮ್ಮಲ್ಲಿ ಇದ್ದಳಾ, ಯಾವತ್ತಿನಿಂದ ಯಾವತ್ತಿನವರೆಗೆ, ಯಾವ ವಾರ್ಡ್ ಅಂತ. ಸುಳ್ಳು ಅಂತ ಗೊತ್ತಾದರೆ ವರದಿಯಲ್ಲಿ ಬರುತ್ತದೆ. ಏಜೆಂಟ್ ಫೋನ್ ಆಫ್ ಮಾಡಿಕೊಳ್ಳುತ್ತಾನೆ, ಹೆಸರು ಕೆಡೋದು ತಂಗಿಯದು.

ಇನ್ನೊಂದು. ಏಜೆಂಟ್ ನೋಂದಣಿ ಇದೆಯಾ ಅಂತ ಕೇಂದ್ರ ಸರ್ಕಾರದ ಇಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ನೋಂದಾಯಿತ ಏಜೆಂಟ್ ತಗೊಳ್ಳಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮಿತಿ ಇದೆ, ಅದರ ಮೇಲೆ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳುತ್ತಿದ್ದಾನೆ ಅಂದರೆ ಅಲ್ಲೇ ಎದ್ದು ಬನ್ನಿ. ನರ್ಸ್‌ಗಳ ನೇಮಕಾತಿಗೆ 2015ರಿಂದ ನಿಯಮ ಇನ್ನೂ ಬಿಗಿಯಾಗಿದೆ.

ಇನ್ನು ಅಪ್ಪನವರಿಗೆ ಒಂದು ಮಾತು. ಅಪೊಸ್ತಲರ ಕೃತ್ಯಗಳು 27 ಓದಿಸಿ. ಪೌಲ ಕೈದಿಯಾಗಿ ರೋಮಿಗೆ ಹೋಗುತ್ತಿದ್ದ ಹಡಗು. ಒಟ್ಟು 276 ಜನ. ಎರಡು ವಾರ ಬಿರುಗಾಳಿ. ನಿನ್ನ ಜೊತೆ ಇರುವ ಎಲ್ಲರ ಪ್ರಾಣ ಉಳಿಯುತ್ತದೆ ಅಂತ ದೂತ ಪೌಲನಿಗೆ ಹೇಳಿಬಿಟ್ಟಿದ್ದಾನೆ. ಮಾತು ಮುಗೀತು ಅಲ್ವಾ? ಇಲ್ಲ. ಲಂಗರು ಹಾಕುವ ನೆಪದಲ್ಲಿ ನಾವಿಕರು ಸಣ್ಣ ದೋಣಿ ಇಳಿಸಿ ತಪ್ಪಿಸಿಕೊಳ್ಳಲು ನೋಡಿದರು. ಆಗ ಪೌಲ ಶತಾಧಿಪತಿಗೆ ಹೇಳಿದ, ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಬದುಕೋದಿಲ್ಲ ಅಂತ. ಸಿಪಾಯಿಗಳು ದೋಣಿಯ ಹಗ್ಗ ಕತ್ತರಿಸಿದರು. ಆಮೇಲೆ ಪೌಲ ಎಲ್ಲರಿಗೂ ಊಟ ಮಾಡಿ ಅಂದ, ತಾನೂ ರೊಟ್ಟಿ ಮುರಿದು ತಿಂದ. ದೇವರ ಮಾತು ಖಚಿತ ಇದ್ದಾಗಲೂ ಹಗ್ಗ ಕತ್ತರಿಸುವ ಕೆಲಸ, ಹೊಟ್ಟೆಗೆ ಹಾಕಿಕೊಳ್ಳುವ ಕೆಲಸ ಮನುಷ್ಯರದೇ. ತಂಗಿಗೂ ಹೇಳಿ, ಮೊದಲು ಊಟ ಮಾಡಲಿ.

ಸ್ತೋತ್ರ ಬ್ರದರ್

ಸುಳ್ಳು ಸರ್ಟಿಫಿಕೇಟ್ ಬೇಡ ಅನ್ನೋದಕ್ಕೆ ನನ್ನದೂ ಆಮೆನ್. ಆದರೆ ನೀವೆಲ್ಲ ಪ್ರಯತ್ನಕ್ಕೇ ಜಾಸ್ತಿ ತೂಕ ಕೊಡುತ್ತಿದ್ದೀರಿ. ಗಿಲ್ಗಾಲಿನಲ್ಲಿ ರಾಜ ಸೌಲನಿಗೆ ಏನಾಯಿತು? ಪ್ರವಾದಿ ಸಮುವೇಲ ಹೇಳಿದ ಏಳು ದಿನ ಕಾದ. ಜನ ಚದುರಿಹೋಗುತ್ತಿದ್ದರು, ಎದುರಿಗೆ ಫಿಲಿಷ್ಟಿಯರು. ತಾನೇ ಯಜ್ಞ ಮಾಡಿಬಿಟ್ಟ. ಮಾಡಿ ಮುಗಿಸುವಷ್ಟರಲ್ಲಿ ಸಮುವೇಲ ಬಂದೇ ಬಿಟ್ಟ! ಸ್ವಲ್ಪ ಹೊತ್ತು ತಡೆದಿದ್ದರೆ ಸಾಕಿತ್ತು. ಕೊನೆಯ ಗಳಿಗೆಯಲ್ಲೇ ನಾವು ಸೋಲೋದು.

ಮಂಗಳೂರು ಮಲ್ಲಿಗೆ

ಇದು ಸರಿಯಾದ ಮಾತು ಬ್ರದರ್. ಹೆದರಿಕೆಯಲ್ಲಿ ತಗೊಂಡ ತೀರ್ಮಾನ ಅದು. ಸಂತ ಇಗ್ನೇಷಿಯಸ್ ಲೊಯೋಲಾ ಅವರು ಇದಕ್ಕೆ ಒಂದು ನಿಯಮ ಹೇಳಿದ್ದಾರೆ. ಮನಸ್ಸು ಕತ್ತಲಾಗಿರುವಾಗ, ದೇವರು ದೂರ ಅನಿಸುವಾಗ, ಮುಂಚೆ ಮಾಡಿದ ತೀರ್ಮಾನ ಬದಲಾಯಿಸಬೇಡಿ. ಅವರು ಮೊದಲು ಸಿಪಾಯಿ. 1521ರಲ್ಲಿ ಪಾಂಪ್ಲೋನಾದಲ್ಲಿ ಗುಂಡೇಟಿಗೆ ಕಾಲು ಮುರಿದು ತಿಂಗಳುಗಟ್ಟಲೆ ಮಲಗಿದ್ದವರು. ಕಾಯೋದು ಏನು ಅಂತ ಮಲಗಿಯೇ ಕಲಿತವರು. ಏಜೆಂಟ್ "ನಾಳೆಯೊಳಗೆ ಹೇಳಿ" ಅಂತ ಒತ್ತಡ ಹಾಕುತ್ತಿದ್ದರೆ, ಅದೇ ಬೇಡ ಅನ್ನೋದಕ್ಕೆ ಒಂದು ಕಾರಣ.

ಹೆಸರು ಬೇಡ

ಓದುತ್ತಾ ಇದ್ದೆ, ಬರೆಯಬಾರದು ಅಂದುಕೊಂಡಿದ್ದೆ. ನನಗೆ "ದೇವರ ಚಿತ್ತಕ್ಕೆ ಬಿಡು" ಅನ್ನೋ ಮಾತು ಕೇಳಿದರೆ ಮೈ ಉರಿಯುತ್ತದೆ. ಗಂಡ ಕುಡಿದು ಬಂದು ಹೊಡೆಯುತ್ತಿದ್ದ. ನಮ್ಮ ಸಭೆಯ ಹಿರಿಯರು ಮನೆಗೆ ಬಂದು, ನನ್ನ ತುಟಿಯ ಹೊಲಿಗೆ ನೋಡಿಕೊಂಡೇ, "ದೇವರಿಗೆ ಒಂದು ಯೋಜನೆ ಇದೆ ಅಮ್ಮಾ, ತಾಳಿಕೋ, ನಿನ್ನಿಂದಲೇ ಅವನು ರಕ್ಷಣೆ ಹೊಂದುತ್ತಾನೆ" ಅಂದರು. ಟೀ ಕುಡಿದು ಹೋದರು. ಕೊನೆಗೆ ನಾನೇ ಮಗುವನ್ನು ಎತ್ತಿಕೊಂಡು ತವರಿಗೆ ಬಂದೆ. ಈಗ ಆ ಸಭೆಯಲ್ಲಿ ನಾನು "ದೇವರ ಸಮಯಕ್ಕೆ ಕಾಯದವಳು". ಸಾರಳ ಸಾಲಿಗೆ ನನ್ನನ್ನೂ ಸೇರಿಸುತ್ತೀರಾ?

ಮಂಗಳೂರು ಮಲ್ಲಿಗೆ

ಇಲ್ಲಮ್ಮ. ಖಂಡಿತಾ ಇಲ್ಲ.

ನಿಮ್ಮ ಸಾಲಿನಲ್ಲಿ ಇರುವವರು ಬೇರೆ. 1 ಸಮುವೇಲ 25ರಲ್ಲಿ ಅಬೀಗೈಲಳು. ಗಂಡ ನಾಬಾಲ ಒರಟ. ಅವನ ದುಡುಕಿನಿಂದ ದಾವೀದ ಕತ್ತಿ ಹಿಡಿದು ಬರುತ್ತಿದ್ದಾನೆ. ಅವಳು ಗಂಡನಿಗೆ ಒಂದು ಮಾತೂ ಹೇಳದೆ ರೊಟ್ಟಿ, ಅಡಿಗೆ ಮಾಡಿದ ಕುರಿ, ಒಣದ್ರಾಕ್ಷಿ, ಅಂಜೂರ ಎಲ್ಲ ಕತ್ತೆಗಳ ಮೇಲೆ ಹೇರಿಸಿಕೊಂಡು ಹೊರಟಳು. ಮನೆಮಂದಿ ಉಳಿದರು. ದೇವರೇ ನಿನ್ನನ್ನು ಕಳಿಸಿದ ಅಂತ ದಾವೀದ ಹೊಗಳಿದ. ಆಮೇಲೆ ಅರಣ್ಯಕಾಂಡ 27ರಲ್ಲಿ ಚಲ್ಪಹಾದನ ಐದು ಹೆಣ್ಣುಮಕ್ಕಳು. ಅಪ್ಪನ ಆಸ್ತಿಯಲ್ಲಿ ಪಾಲು ಕೊಡಿ ಅಂತ ಮೋಶೆಯ ಮುಂದೆ, ಯಾಜಕರ ಮುಂದೆ, ಇಡೀ ಸಮೂಹದ ಮುಂದೆ ನಿಂತು ಕೇಳಿದರು. ಕಾಯಿರಿ ಅನ್ನಲಿಲ್ಲ ದೇವರು. ಅವರು ಕೇಳೋದು ನ್ಯಾಯ ಅಂದ.

ಮೇಷ್ಟ್ರು ಹೇಳಿದ ಅಳತೆಯಲ್ಲೇ ನೋಡಿ. ಇಲ್ಲಿ ಬಿಲ್ಲು ಕಟ್ಟುತ್ತಿದ್ದವರು ನೀವು ಮತ್ತು ನಿಮ್ಮ ಮಗು. ಯೋಜನೆ ಮಾತ್ರ ಟೀ ಕುಡಿದು ಹೋದವರದು.

ಇನ್ನೂ ತೊಂದರೆ ಇದ್ದರೆ 181ಕ್ಕೆ ಫೋನ್ ಮಾಡಿ, ಅದು ಮಹಿಳಾ ಸಹಾಯವಾಣಿ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಸ್ತೋತ್ರ ಬ್ರದರ್

ಸಿಸ್ಟರ್, ನಿಮಗೆ ಹಾಗೆ ಹೇಳಿದ್ದು ತಪ್ಪು. ಹೊಡೆತ ತಿಂದುಕೊಂಡಿರು ಅಂತ ನಾನೂ ಹೇಳೋದಿಲ್ಲ. ಆದರೂ ವಚನ ಅಂತ ಬಂದಾಗ ಕೇಳಲೇಬೇಕು. ಓಡಿಹೋದ ಹಾಗರಳಿಗೆ ದೂತ ಏನು ಹೇಳಿದ? ಯಜಮಾನಿಯ ಬಳಿಗೆ ಹಿಂತಿರುಗು, ಅವಳಿಗೆ ತಗ್ಗಿ ನಡೆ ಅಂತ. ಇದಕ್ಕೆ ಏನು ಹೇಳೋಣ?

ಗದಗ ಮೇಷ್ಟ್ರು

ಕಷ್ಟದ ವಚನ. ಬಸುರಿ, ಒಬ್ಬಳೇ, ಶೂರಿನ ದಾರಿಯ ಅಡವಿ, ತವರಾದ ಐಗುಪ್ತ (ಈಜಿಪ್ಟ್) ಇನ್ನೂ ದೂರ. ಅಲ್ಲಿ ಬದುಕೋದು ಹೇಗೆ ಅನ್ನೋದೂ ಆ ಮಾತಿನಲ್ಲಿ ಇದ್ದಿರಬಹುದು. ಹಾಗಂತ ಪೂರ್ತಿ ಬಗೆಹರಿಯಿತು ಅಂತ ಹೇಳಲಾರೆ. ಆದರೆ 21ನೇ ಅಧ್ಯಾಯದಲ್ಲಿ ಅದೇ ಹಾಗರಳು ಮಗನ ಜೊತೆ ಹೊರಗೆ ಬಿದ್ದಾಗ ದೇವರು "ಹಿಂತಿರುಗು" ಅನ್ನಲಿಲ್ಲ. ಕಣ್ಣು ತೆರೆಸಿ ನೀರಿನ ಬಾವಿ ತೋರಿಸಿದ. ಒಬ್ಬಳಿಗೆ ಒಂದು ಸಲ ಹೇಳಿದ ಮಾತನ್ನು ಎಲ್ಲ ಹೆಂಗಸರಿಗೂ ಎಲ್ಲ ಕಾಲಕ್ಕೂ ಕಾನೂನು ಮಾಡಿದರೆ, ಹೆಸರಿಡಿದು ಕರೆದ ಆ ದೂತನ ಕೆಲಸವನ್ನೇ ಅಳಿಸಿದ ಹಾಗೆ.

ಚಿನ್ನದೂರಿನವಳು

ಎಲ್ಲರಿಗೂ ಥ್ಯಾಂಕ್ಸ್. ಆಸ್ಪತ್ರೆ ಹಾಸಿಗೆಯ ಮಾತು ಅಮ್ಮನಿಗೆ ಹೇಳಿದೆ. ಉತ್ತರ ಕೊಡಲಿಲ್ಲ, ಬೀನ್ಸ್ ಮುರಿಯುತ್ತಾ ಕೂತರು. ಆಮೇಲೆ "ಹಾಗಾದರೆ ಆ ಸೇವಕರು ಹೇಳಿದ ವಾಗ್ದಾನ ಸುಳ್ಳಾ?" ಅಂತ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಗದಗ ಮೇಷ್ಟ್ರು

ಯೆರೆಮೀಯ 28 ಮತ್ತು 29 ಒಟ್ಟಿಗೆ ಓದಿಸಿ ಅಮ್ಮಾ. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ನಾವು ವಾಗ್ದಾನದ ವಚನ ಅಚ್ಚಾದ ಕಾರ್ಡ್ ಎತ್ತಿಕೊಳ್ಳುತ್ತೇವಲ್ಲ, ಯಾರಿಗಾದರೂ ಒಬ್ಬರಿಗೆ 29:11 ಬಂದೇ ಬರುತ್ತದೆ. ನಿಮಗೆ ಒಳ್ಳೇ ಗತಿ ಕೊಡಬೇಕೆಂಬ ಯೋಚನೆ ನನಗಿದೆ ಅನ್ನೋ ವಚನ. ಮೇಲಿನ ಸಾಲು ಮಾತ್ರ ಕಾರ್ಡಿನಲ್ಲಿ ಅಚ್ಚಾಗೋದಿಲ್ಲ. ಜನ ಸೆರೆಯಾಗಿ ಹೋದ ಬಾಬೆಲಿನಲ್ಲಿ 70 ವರ್ಷ ಆದ ಮೇಲೆ ಅಂತಿದೆ. ಅಲ್ಲಿವರೆಗೆ ಏನು ಮಾಡಬೇಕು? ಮನೆ ಕಟ್ಟಿ, ತೋಟ ಮಾಡಿ, ಹಣ್ಣು ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ಸೆರೆಹೋದ ಆ ಊರಿನ ಒಳಿತಿಗೆ ಪ್ರಾರ್ಥಿಸಿ. ಅದೇ ಹೊತ್ತಿಗೆ ಹನನ್ಯ ಅನ್ನೋ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅಂತ ದೇವಾಲಯದಲ್ಲೇ ಸಾರಿದ್ದ. ಜನಕ್ಕೆ ಅದೇ ಇಷ್ಟ. ಅದು ಸುಳ್ಳಾಯಿತು.

ಆ ಸೇವಕರು ಸುಳ್ಳು ಹೇಳಿದರು ಅಂತ ನಾನು ಹೇಳೋದಿಲ್ಲ. ನಿಜವಾದರೆ, ಅದನ್ನು ನಿಜ ಮಾಡೋಕೆ ಖೋಟಾ ಸೀಲು ಬೇಕಾಗೋದಿಲ್ಲ. ಅಷ್ಟೇ.

ಸುಮ್ನೆ ಓದುವವ

ಮೇಷ್ಟ್ರೇ, ಪಕ್ಕದ್ದೇ ಒಂದು ಪ್ರಶ್ನೆ. ನಮ್ಮ ಚಿಕ್ಕಪ್ಪ ದೇವರು ವಾಸಿ ಮಾಡುತ್ತಾನೆ ಅಂತ ಶುಗರ್ ಮಾತ್ರೆ ಬಿಟ್ಟಿದ್ದಾರೆ.

ಕುವೈತ್‌ನಲ್ಲೊಬ್ಬ

ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ವಚನ ಬೇಕು ಅಂದರೆ ಯೆಶಾಯ 38 ತೋರಿಸಿ. ಕಾಯಿಲೆ ಬಿದ್ದ ರಾಜ ಹಿಜ್ಕೀಯನಿಗೆ ಇನ್ನೂ 15 ವರ್ಷ ಆಯಸ್ಸು ಅಂತ ದೇವರೇ ಹೇಳಿದ ಮೇಲೂ ಹುಣ್ಣಿಗೆ ಅಂಜೂರದ ಪಟ್ಟು ಹಾಕಿದರು. ಪೌಲ ತಿಮೊಥೆಯನಿಗೆ ಹೊಟ್ಟೆ ನೋವಿಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂದ, ನಂಬಿಕೆ ಕಡಿಮೆ ಆಯಿತು ಅಂತ ಬೈಯಲಿಲ್ಲ.

ಚಿನ್ನದೂರಿನವಳು

ಏನಾಯಿತು ಅಂತ ತಿಳಿಸುತ್ತೇನೆ. ಇಮೈಗ್ರೇಟ್‌ನಲ್ಲಿ ಆ ಏಜೆಂಟ್ ಹೆಸರು ಇರಲಿಲ್ಲ. ಅಪ್ಪ ಅವನಿಗೆ ಫೋನ್ ಮಾಡಿ ಬೇಡ ಅಂದರು. ಅದೇ ಖುಷಿಯಲ್ಲಿ "ನೋಡಿದಿರಾ, ನಾನು ಹೇಳಿದ್ದೇ ಸರಿ" ಅಂತ ಮೀಸೆ ತಿರುವುತ್ತಿದ್ದರು. ನಾನು ಪೌಲನ ಹಡಗಿನ ಅಧ್ಯಾಯ ಓದಿಸಿದೆ. ಮೀಸೆ ಸ್ವಲ್ಪ ಇಳಿದಿದೆ. ಅರ್ಜಿ ಹಾಕಲಿ ಅಂತ ಒಪ್ಪಿದ್ದಾರೆ, ಆದರೆ ಪ್ರತಿ ಅರ್ಜಿ ಮೇಲೂ ಕೈಯಿಟ್ಟು ಪ್ರಾರ್ಥನೆ ಮಾಡಿಯೇ ಕಳಿಸಬೇಕಂತೆ. ಆನ್‌ಲೈನ್ ಅರ್ಜಿ ಅಂದೆ. ಹಾಗಾದರೆ ಮೊಬೈಲ್ ಮೇಲೆ ಅಂದರು.

ತಂಗಿ ಇಲ್ಲೇ ಒಂದು ಆಸ್ಪತ್ರೆಗೆ ಸೇರುತ್ತಿದ್ದಾಳೆ. ಸಂಬಳ ಕಡಿಮೆ, ಆದರೆ ಅನುಭವ ನಿಜದ್ದು. ಜೊತೆಗೆ ಜರ್ಮನ್ ಕಲಿಯೋಣ ಅನ್ನೋ ಯೋಚನೆ ಇದೆ. ಅಲ್ಲಿ ನರ್ಸ್‌ಗಳಿಗೆ ಬಿ2 ಹಂತದವರೆಗೆ ಭಾಷೆ ಬೇಕಂತೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕೇಳುತ್ತಾಳೆ. ಅಮ್ಮನ ಪ್ರಶ್ನೆ ಒಂದೇ: ಜರ್ಮನಿಗೆ ಹೋದರೂ ಸಮುದ್ರ ದಾಟಿದ ಲೆಕ್ಕವೇ ಅಲ್ವಾ? ಮೇಷ್ಟ್ರು ಹೇಳಬೇಕಂತೆ.

ಗದಗ ಮೇಷ್ಟ್ರು

ಅರಬ್ಬಿ ಸಮುದ್ರದ ಮೇಲೆ ವಿಮಾನ ಹೋಗುತ್ತದೆ ಅಂತ ಹೇಳಿ. ಭೂಗೋಳ ನನ್ನ ವಿಷಯವೇ.

ಹೆಸರು ಬೇಡ

ನನ್ನ ಚಿಕ್ಕಮ್ಮನ ಮಗಳು ಜರ್ಮನ್ ಎ1, ಅಂದರೆ ಮೊದಲ ಹಂತ, ಮುಗಿಸಿದ್ದಾಳೆ. ಪುಸ್ತಕಗಳು ಮನೆಯಲ್ಲಿ ಸುಮ್ನೆ ಬಿದ್ದಿವೆ. ಬೇಕಾದರೆ ಕೊರಿಯರ್ ಮಾಡುತ್ತೇನೆ. ವಿಳಾಸ ಇಲ್ಲಿ ಹಾಕಬೇಡಿ ಅಕ್ಕಾ, ನನಗೆ ಮೆಸೇಜ್ ಮಾಡಿ. ಕೆಲವು ಪುಟದಲ್ಲಿ ಪೆನ್ಸಿಲ್‌ನಲ್ಲಿ ಉತ್ತರ ಬರೆದಿದ್ದಾಳೆ, ಅಳಿಸಿ ಕಳಿಸಲಾ?